ಕುರ್ಚಿ ಬೇಡವೆಂದು ಒಂದು ಅರ್ಜಿ

ಹದಿನಾರು ವರ್ಷ ಒಂದೇ ಕಚೇರಿಯಲ್ಲಿ ಕೆಲಸ ಮಾಡಿಯೂ, ಅಲ್ಲಿಯ ಕುಡಿಯುವ ನೀರು ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ನೀರು ಶರಣಪ್ಪನವರ ಕೈಯಿಂದ ಬರುತ್ತಿತ್ತು. ಅದಕ್ಕೂ ಹಿಂದೆ ಎಲ್ಲಿತ್ತು ಎಂದು ವಿಚಾರಿಸುವ ಪ್ರಸಂಗ ನನಗೆ ಬಂದಿರಲಿಲ್ಲ.

ಬೇಗಂಪೇಟೆಯ ಒಂದು ಬೀಜದ ಕಂಪನಿಯಲ್ಲಿ ನನ್ನ ನೌಕರಿ. ಕರ್ನಾಟಕಕ್ಕೆ ಹೋಗುವ ಪೊಟ್ಟಣಗಳ ಮೇಲೆ ಕನ್ನಡದಲ್ಲಿ ಅಚ್ಚಾಗಬೇಕಾದದ್ದನ್ನು ಬರೆದುಕೊಡುವುದು ಕೆಲಸ. ‘ಗಿಡದಿಂದ ಗಿಡಕ್ಕೆ ಅಂತರವಿರಲಿ, ಗಾಳಿ ಬೆಳಕು ಆಡಲಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ’ ಎಂದು ರೈತರಿಗೆಲ್ಲ ಬುದ್ಧಿ ಹೇಳುತ್ತ, ನಾನು ಮಾತ್ರ ಗಾಳಿ ಬೆಳಕಿಲ್ಲದ ಮೂಲೆಯೊಂದರಲ್ಲಿ ಹತ್ತರಿಂದ ಆರರವರೆಗೆ ಬೇರು ಬಿಟ್ಟು ಕೂತಿರುತ್ತಿದ್ದೆ. ಬೆಳಿಗ್ಗೆ ಲಿಂಗಂಪಲ್ಲಿಯಲ್ಲಿ ಲೋಕಲ್ ರೈಲಿನ ಕಿಟಕಿ ಸೀಟಿಗಾಗಿ ನಾಲ್ಕು ಹೆಜ್ಜೆ ಓಡುವುದೇ ದಿನದ ವ್ಯಾಯಾಮ. ಅದೂ ಕೂರುವುದಕ್ಕಾಗಿ ಓಡುವುದು, ನೋಡಿ!

ಶರಣಪ್ಪ ನಮ್ಮ ಅಟೆಂಡರ್. ಮಾನ್ವಿ ಕಡೆಯವರು, ನಾನು ರಾಯಚೂರಿನವಳು. ಹೀಗಾಗಿ ನಮ್ಮಿಬ್ಬರ ನಡುವೆ ಊರಿನ ಮಾತು ನಡೆಯುತ್ತದೆ. ಐವತ್ತೇಳು ವರ್ಷ, ಕಡ್ಡಿಯಂಥ ಮೈ. ‘ಜರಾ ಪಾನಿ ಲಾವ್’ ಎಂದರೆ ‘ಆಯಾ ಸಾಬ್’, ತೆಲುಗಿನಲ್ಲಿ ಕರೆದರೆ ‘ವಸ್ತುನ್ನಾ ಸಾರ್’, ನಾನು ಕರೆದರೆ ‘ಬಂದೆರಿ ಅಕ್ಕಾರ’. ಮೂರು ಭಾಷೆಯಲ್ಲೂ ಬರುವುದು ಮಾತ್ರ ಒಂದೇ ವೇಗದಲ್ಲಿ. ನೀರು, ಚಹಾ, ಫೈಲು, ಆ ಮೇಜಿನ ಸ್ಟೇಪ್ಲರ್ ಈ ಮೇಜಿಗೆ. ನಾವು ನಲವತ್ತು ಜನ ನಡೆಯಬೇಕಾದದ್ದನ್ನೆಲ್ಲ ಅವರೊಬ್ಬರೇ ನಡೆಯುತ್ತಿದ್ದರು.

ಹೀಗಿರಲು ನಮ್ಮ ಎಚ್‌.ಆರ್. ಮ್ಯಾನೇಜರ್ ಆಗಿ ಚೈತ್ರಾ ಬಂದಳು. ಮೈಸೂರಿನ ಹುಡುಗಿ, ಒಳ್ಳೆಯ ಮನಸ್ಸು, ಎಲ್ಲರೂ ಗಟ್ಟಿಮುಟ್ಟಾಗಿರಬೇಕೆಂಬ ಹಟ. ಬಂದ ತಿಂಗಳಲ್ಲೇ ಡಾಕ್ಟರರನ್ನು ಕರೆಸಿ ಎಲ್ಲರ ರಕ್ತ, ತೂಕ, ಸೊಂಟದ ಸುತ್ತಳತೆ ತೆಗೆಸಿದಳು. ಅಯ್ಯೋ, ಆ ಫಲಿತಾಂಶ! ಒಬ್ಬರಿಗೆ ಬಿ.ಪಿ., ಒಬ್ಬರಿಗೆ ಕೊಬ್ಬು, ನನಗೆ ಸಕ್ಕರೆ. ಇಡೀ ಕಚೇರಿಯಲ್ಲಿ ಎಲ್ಲವೂ ಸರಿಯಿದ್ದದ್ದು ಒಂದೇ ಕಾಗದದಲ್ಲಿ. ಅದು ಶರಣಪ್ಪನವರದು. ನೀವು ಏನು ಮಾಡುತ್ತೀರಿ ಎಂದು ಡಾಕ್ಟರು ಬೆರಗಾಗಿ ಕೇಳಿದರೆ ಅವರು ಹೆದರಿಬಿಟ್ಟರು. ‘ಕುಚ್ ನೈ ಕರ್ತಾ ಸಾಬ್. ಇನೋ ಬುಲಾತೇ, ಮೈ ಜಾತಾ’ ಎಂದರು. ಏನೂ ಮಾಡುವುದಿಲ್ಲ, ಇವರು ಕರೆಯುತ್ತಾರೆ, ನಾನು ಹೋಗುತ್ತೇನೆ, ಅಷ್ಟೇ.

ಚೈತ್ರಾಳಿಗೆ ಅಷ್ಟು ಸಾಕಾಯಿತು. ಮುಂದಿನ ಸೋಮವಾರದಿಂದ ಮೇಜಿಗೆ ನೀರಿಲ್ಲ, ಚಹಾ ಇಲ್ಲ, ಫೈಲಿಲ್ಲ. ಬೇಕಾದವರು ಎದ್ದು ಹೋಗಿ ತಂದುಕೊಳ್ಳಬೇಕು. ಹಾಗಾದರೆ ಶರಣಪ್ಪ? ಅವರನ್ನು ಕೈಬಿಡುವಷ್ಟು ಕಲ್ಲುಮನಸ್ಸಿನವಳಲ್ಲ ಆಕೆ. ಅವರಿಗೆ ಫ್ಲೋರ್ ಸೂಪರ್‌ವೈಸರ್ ಎಂಬ ಹೆಸರು ಕೊಟ್ಟು, ಬಾಗಿಲ ಪಕ್ಕ ಮೇಜು ಹಾಕಿಸಿ, ಯಾರು ಯಾವ ಫೈಲು ಒಯ್ದರೆಂದು ಬರೆದಿಡುವ ಕೆಲಸ ಕೊಟ್ಟಳು. ಜೊತೆಗೆ ಗರಗರ ತಿರುಗುವ ಒಂದು ಹೊಸ ಕುರ್ಚಿ.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಟ್ಟದೆ ಏನು ಮಾಡುತ್ತೀರಿ? ನಮ್ಮ ಜನದಲ್ಲಿ ಮರ್ಯಾದೆ ಎಂದರೆ ಕೂರಿಸುವುದೇ ತಾನೆ. ಮನೆಗೆ ಯಾರೇ ಬರಲಿ, ಮೊದಲ ಮಾತು ‘ಕುಂದರ್ರಿ’. ರಾಜನಿಗೆ ಸಿಂಹಾಸನ, ಗುರುವಿಗೆ ಪೀಠ, ಮದುಮಕ್ಕಳಿಗೆ ಹಸೆಮಣೆ. ನಡೆಯುವವನಿಗೆಂದು ನಾವು ಮಾಡಿಟ್ಟ ಗೌರವ ಯಾವುದಿದೆ, ನೀವೇ ಹೇಳಿ. ಯೋಗದವರು ಕೂಡ ಅಷ್ಟೆಲ್ಲ ಮೈ ಬಗ್ಗಿಸಿ, ಹೊರಳಿಸಿ, ಕೊನೆಗೆ ಅದಕ್ಕೆ ಇಟ್ಟ ಹೆಸರು ಆಸನ! ಶರಣಪ್ಪ ಕುರ್ಚಿಯ ಮೇಲೆ ಟವೆಲು ಹಾಸಿ, ಅದರ ಅಂಚಿನಲ್ಲಿ ಕೂತು ಫೋಟೊ ತೆಗೆಸಿಕೊಂಡು ಮಾನ್ವಿಗೆ ಕಳಿಸಿದರು.

ಮೊದಲ ವಾರ ಕಚೇರಿಯಲ್ಲಿ ಯಾರಿಗೂ ಬಾಯಾರಿಕೆಯೇ ಆಗಲಿಲ್ಲ. ಎರಡನೇ ವಾರ ತಾಳಲಾರದೆ ಎದ್ದೆವು. ನೀರಿನ ಫಿಲ್ಟರ್ ಎರಡನೇ ಮಹಡಿಯಲ್ಲಿದೆ ಎಂಬ ಸತ್ಯ ನನಗೆ ಏದುಸಿರಿನೊಂದಿಗೆ ಗೊತ್ತಾಯಿತು. ಆರು ವರ್ಷದಿಂದ ಮೇಲ್‌ನಲ್ಲಿ ನನ್ನೊಡನೆ ಜಗಳಾಡುತ್ತಿದ್ದ ಮುದ್ರಣ ವಿಭಾಗದ ರೆಡ್ಡಿಯವರು ಮೆಟ್ಟಿಲ ಮೇಲೆ ಸಿಕ್ಕರು. ಎಂಥ ಸೌಮ್ಯ ಮನುಷ್ಯ! ದಾರಿಯಲ್ಲಿ ನಿಂತು ಮಾತಾಡುತ್ತಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ನಾಲ್ಕು ತಿಂಗಳಿಗೆ ನನ್ನ ರವಿಕೆಗಳು ಸಡಿಲವಾದವು. ಮಣಿಕೊಂಡದಲ್ಲಿರುವ ನನ್ನ ತಂಗಿ ‘ಏನ ಅಕ್ಕಾ, ಜಿಮ್ಮಿಗೆ ಹೊಂಟೀಯೇನು?’ ಎಂದು ಕೇಳಿದಾಗ, ಹೌದೆನ್ನದೆ, ಅಲ್ಲವೆನ್ನದೆ ಬಿಗುಮಾನದಿಂದ ಇದ್ದೆ.

ಆ ಸಡಗರದಲ್ಲಿ ಬಾಗಿಲ ಪಕ್ಕದ ಮೇಜನ್ನು ನಾನು ಸರಿಯಾಗಿ ನೋಡಿರಲಿಲ್ಲ. ಒಂದು ಮಧ್ಯಾಹ್ನ ಶರಣಪ್ಪನವರೇ ನನ್ನ ಮೂಲೆಗೆ ಬಂದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ, ‘ಅಕ್ಕಾರ, ಒಂದ್ ಗ್ಲಾಸ್ ನೀರ್ ತಂದುಕೊಡ್ಲೇನ್ರಿ? ಮೇಡಮ್ಮಾರು ಮೀಟಿಂಗಿನ್ಯಾಗ ಅದಾರ. ಯಾರಿಗೂ ಗೊತ್ತಾಗಂಗಿಲ್ಲ’ ಎಂದರು.

ನಗು ಬಂತು. ಆಮೇಲೆ ಅವರನ್ನು ನೋಡಿದೆ, ನಗು ಹೋಯಿತು. ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದಿದ್ದವು. ನಿಲ್ಲುವಾಗ ಒಂದು ಕೈ ಮೊಣಕಾಲಿನ ಮೇಲಿತ್ತು. ಬೇಡವೆನ್ನಲಾಗದೆ ತರಿಸಿಕೊಂಡು ಕದ್ದು ಕುಡಿದೆ. ಅವರ ಮುಖದ ಗೆಲುವು ನೋಡಬೇಕಿತ್ತು ನೀವು!

ಮುಂದಿನ ವಾರ ಡಾಕ್ಟರು ಮತ್ತೆ ಬಂದರು. ನನ್ನ ಸಕ್ಕರೆ ಇಳಿದಿತ್ತು. ಶರಣಪ್ಪನವರದು ಏರಿತ್ತು. ಗುಳಿಗೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಅವರು ಹೋಗಿ ಕುರ್ಚಿಯಲ್ಲಿ ಕೂತರು. ನನಗೆ ನಾಚಿಕೆಯಾಯಿತು. ಹದಿನಾರು ವರ್ಷ ನನ್ನ ಬದಲಿಗೆ ನಡೆದವರು ಈಗ ನನ್ನ ಬದಲಿಗೆ ಕೂತೂಬಿಟ್ಟರಲ್ಲ!

ಸಂಜೆ ಅವರೇ ಬಂದು ಕೇಳಿದರು. ‘ಅಕ್ಕಾರ, ಈ ಕುರ್ಚಿ ವಾಪಸ್ ತಗೋರಿ ಅಂತ ಒಂದ್ ಅರ್ಜಿ ಬರದುಕೊಡ್ರಿ.’

‘ಶರಣಪ್ಪ, ಕುರ್ಚಿ ಬಿಟ್ರ ಕೆಲಸಾನೂ ಹೋದೀತು. ರಿಟೈರ್ ಆಗಾಕ ಇನ್ನೂ ಟೈಮ್ ಐತಿ. ವಿಚಾರ ಮಾಡ್ರಿ.’

‘ಮಾಡೀನ್ರಿ. ಆರು ತಿಂಗಳು ಕುಂತು ಅದನ್ನ ಮಾಡೀನಿ.’

ರಜೆಗೆ, ವರ್ಗಕ್ಕೆ, ಬಡ್ತಿಗೆ ನಾನು ಬೇಕಾದಷ್ಟು ಅರ್ಜಿ ಬರೆದಿದ್ದೇನೆ. ಕುರ್ಚಿ ಬೇಡವೆನ್ನುವುದಕ್ಕೆ ಒಕ್ಕಣೆ ಹೇಗಿರಬೇಕೋ ತಿಳಿಯಲಿಲ್ಲ. ಮೂರು ಹಾಳೆ ಹರಿದು, ನಾಲ್ಕನೆಯದರಲ್ಲಿ ‘ನನಗೆ ನಡೆಯುವ ಕೆಲಸ ಕೊಡಬೇಕೆಂದು ಪ್ರಾರ್ಥನೆ’ ಎಂದಷ್ಟೇ ಬರೆದೆ. ಮರುದಿನ ಇಬ್ಬರೂ ಚೈತ್ರಾಳ ಕೋಣೆಗೆ ಹೋದೆವು. ಆಕೆ ‘ಕೂತ್ಕೊಳ್ಳಿ’ ಎಂದಳು. ನಾನು ಕೂತೆ. ಶರಣಪ್ಪ ಕೂರಲಿಲ್ಲ.

ಅರ್ಜಿ ಓದಿ ಚೈತ್ರಾಳ ಮುಖ ಸಣ್ಣದಾಯಿತು. ‘ಅಂಕಲ್, ಅಟೆಂಡರ್ ಪೋಸ್ಟನ್ನೇ ತೆಗೆದುಹಾಕಿಬಿಟ್ಟಿದೀವಲ್ಲ. ನಾನೇ ಮೇಲಿನವರಿಗೆ ಬರೆದು ಕಳಿಸಿದ್ದು’ ಎಂದಳು. ಶರಣಪ್ಪನವರ ಕೈ ತಾನಾಗಿ ಜೇಬಿನ ಚೀಟಿಯ ಮೇಲೆ ಹೋಯಿತು. ಅಯ್ಯೋ, ಒಬ್ಬರ ಅನ್ನಕ್ಕೆ ಕಲ್ಲು ಹಾಕಿದೆನಲ್ಲ!

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಬೀಜದ ಸ್ಯಾಂಪಲ್‌ಗಳು ದಿನಕ್ಕೆ ನಾಲ್ಕು ಸಲ ಹಿಂದಿನ ಗಲ್ಲಿಯ ನಮ್ಮ ಲ್ಯಾಬಿಗೆ ಹೋಗುತ್ತವೆ. ಸ್ಕೂಟರಿನಲ್ಲಿ ಹೋದರೆ ಒನ್‌ವೇ, ಫ್ಲೈಓವರಿನ ಕೆಳಗೆಲ್ಲ ಸುತ್ತಿ ಬರಬೇಕು. ನಡೆದರೆ ಹಿಂದಿನ ಗೇಟಿನಿಂದ ಹತ್ತೇ ನಿಮಿಷ. ಅವನ್ನು ಇವರು ಒಯ್ಯಲಿ ಎಂದೆ. ಚೈತ್ರಾ ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ ಸಂಬಳ ಅಷ್ಟೇ ಇರುತ್ತದೆಂದು ಹೇಳಿ, ಅರ್ಜಿಯ ಮೇಲೆ ಬರೆದು ಸಹಿ ಹಾಕಿದಳು.

ಕಾಗದ ಕೊಡುವಾಗ ಆಕೆಗೆ ಮತ್ತೆ ಅಳುಕು. ‘ಆದ್ರೆ ಅಂಕಲ್, ಸೂಪರ್‌ವೈಸರ್ ಆಗಿದ್ದವರು ಮತ್ತೆ ಚೀಲ ಹೊತ್ಕೊಂಡು ಓಡಾಡ್ತಿದಾರೆ ಅಂತ ಜನ ಆಡ್ಕೋತಾರೆ. ನಿಮಗೆ ಬೇಜಾರಾಗಲ್ವಾ?’

‘ಜನರ ಮಾತು ಕೇಳಾಕೂ ಕುಂತಿರಬೇಕಲ್ರಿ ಅವ್ವಾ’ ಎಂದರು ಶರಣಪ್ಪ. ‘ನಡಿಯಾಂವಗ ಎಲ್ಲಿ ಪುರಸೊತ್ತು?’

ಹೇಳಿದವರು ನಿಲ್ಲಲಿಲ್ಲ, ಹೊರಟೇಬಿಟ್ಟರು. ಅವರು ಬಾಗಿಲು ದಾಟುವಷ್ಟರಲ್ಲಿ, ಯಾರೂ ಹೇಳದೆಯೇ, ಚೈತ್ರಾಳೂ ನಾನೂ ಎದ್ದು ನಿಂತಿದ್ದೆವು.