ಪೆಟ್ಟಿಗೆಯೊಳಗೆ ಎಳೆದ ಶಿಲುಬೆ

ಮಸ್ಕತ್ತಿನಲ್ಲಿ ಒಂಬತ್ತು ವರ್ಷ ಯಾವ ಯಂತ್ರಗಳನ್ನು ಕೂರಿಸಿ ಹೊಗಳಿಸಿಕೊಂಡಿದ್ದೆನೋ, ಪರ್ತ್‌ನಲ್ಲಿ ಅವನ್ನೇ ಕಿತ್ತುಹಾಕುವ ಕೆಲಸ ಸಿಕ್ಕಿತು. ಮೊಬೈಲ್ ಟವರ್‌ನ ಬುಡದಲ್ಲಿ ಆಳೆತ್ತರದ ಕಬ್ಬಿಣದ ಪೆಟ್ಟಿಗೆ ಇರುತ್ತದಲ್ಲ, ಅದರೊಳಗಿನ ಯಂತ್ರಗಳು. ಪರದೇಶದ ಸರ್ಕಾರ ಹೇಳಿದಂತೆ ಕುಣಿಯಬಹುದಾದ ಕಂಪನಿಗಳ ಸಾಮಾನು ಜಾಲದಲ್ಲಿ ಇರಬಾರದೆಂದು ಇಲ್ಲಿ ಕಾನೂನು. ಬಿಚ್ಚುವುದರಲ್ಲಿ ನನ್ನಷ್ಟು ಪಳಗಿದವರು ಯಾರೂ ಇರಲಿಲ್ಲ.

ಆರು ತಿಂಗಳ ಪ್ರೊಬೇಷನ್. ವೀಸಾ ಕಂಪನಿಯದೇ. ಕಾಯಂ ಆಗದಿದ್ದರೆ ಎಲೆನ್‌ಬ್ರೂಕಿನ ಬಾಡಿಗೆ ಮನೆ ಬಿಟ್ಟು, ಹೆಂಡತಿ ಲವೀನಾ, ಮಗಳೊಂದಿಗೆ ಮತ್ತೆ ಗಂಟುಮೂಟೆ ಕಟ್ಟಬೇಕು.

ಇಲ್ಲಿಯವರು ಮಧ್ಯಾಹ್ನವನ್ನು ‘ಆರ್ವೋ’, ಪೆಟ್ರೋಲ್ ಬಂಕನ್ನು ‘ಸರ್ವೋ’ ಎನ್ನುತ್ತಾರೆ. ಮಾತಿಗೆಲ್ಲ ಕತ್ತರಿ, ನಿಯಮ ಮಾತ್ರ ಉದ್ದುದ್ದ. ಕಿತ್ತ ಜಾಗದಲ್ಲಿ ನಾವು ಕೂರಿಸುವ ಹೊಸ ಯಂತ್ರದ ಒಂದೊಂದು ತಿರುಪಿಗೂ ದಾಖಲೆ ಬೇಕು.

ಐದನೇ ತಿಂಗಳು ನಮ್ಮ ತಂಡದ ಮುಖ್ಯಸ್ಥೆ, ಮೈಸೂರಿನ ಸುಧಾ, ಫೋನ್‌ನಲ್ಲಿ ಒಂದು ಫೋಟೋ ತೋರಿಸಿದಳು. ಪೆಟ್ಟಿಗೆಯ ಬಾಗಿಲ ಒಳಮೈಯಲ್ಲಿ ಕಪ್ಪು ಮಾರ್ಕರಿನ ಗೀಟುಗಳು.

“ಸೆಕ್ಯುರಿಟಿ ಆಡಿಟರ್ ಈ ಫೋಟೋ ತೆಗೆದ್ಬಿಟ್ಟಿದಾರೆ. ಹೊರಗಿನವರ ಗುರುತಿರಬಹುದು ಅಂತ ಅನುಮಾನ. ಏನ್ರೀ ಫೆಲಿಕ್ಸ್ ಇದು?”

“ಶಿಲುಬೆ. ನಾನೇ ಹಾಕಿದ್ದು.”

“ಅಯ್ಯೋ ದೇವ್ರೇ!”

ರುಬ್ಬಿಟ್ಟ ಹಿಟ್ಟಿನ ಮೇಲೆ ಅಮ್ಮ ಬೆರಳಿನಿಂದ ಶಿಲುಬೆ ಎಳೆಯುತ್ತಿದ್ದಳು, ಚೆನ್ನಾಗಿ ಉಬ್ಬಲೆಂದು. ಮಸ್ಕತ್ತಿನಲ್ಲಿ ಸ್ವಿಚ್ ಒತ್ತುವ ಮೊದಲು ನಾನೂ ಬಾಗಿಲ ಹಿಂದೆ ಎಳೆಯುತ್ತಿದ್ದೆ, ಯಾರಿಗೂ ಕಾಣದಂತೆ. ಇಲ್ಲಿ ಕೊರಳಿನ ಶಿಲುಬೆಯನ್ನು ಅಂಗಿಯ ಹೊರಗೇ ಬಿಟ್ಟು ಓಡಾಡಬಹುದು. ಆದರೂ ಕೈ ತನ್ನ ಹಳೆಯ ಚಾಳಿ ಬಿಟ್ಟಿರಲಿಲ್ಲ. ಇಲ್ಲೂ ಹನ್ನೊಂದು ಪೆಟ್ಟಿಗೆಗಳಲ್ಲಿ ಎಳೆದಿದ್ದೆನೆಂದು ಒಪ್ಪಿಕೊಂಡೆ.

“ಅಷ್ಟೂ ಬರ್ಕೊಡಿ,” ಎಂದಳು ಸುಧಾ. “ಒಂದು ಮುಚ್ಚಿಟ್ರೂ ನಾನು ನಿಮ್ಮ ಪರ ನಿಲ್ಲಕ್ಕಾಗಲ್ಲ.”

ಬರೆದುಕೊಟ್ಟೆ. ಆಡಿಟರ್ ಜೊತೆಯಲ್ಲೇ ಹೋಗಿ ಸ್ಪಿರಿಟ್ ಹಚ್ಚಿ ಒಂದೊಂದನ್ನೇ ಒರೆಸಿದೆ. ಆತ ಬಹಳ ಸಭ್ಯ. ಪ್ರತಿ ಬಾಗಿಲಿಗೂ ‘ಸಾರಿ, ಮೇಟ್’ ಎನ್ನುತ್ತಿದ್ದ. ಅದನ್ನು ಕೇಳಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಆರನೇ ತಿಂಗಳ ಕೊನೆಗೆ ಕೆಲಸ ಕಾಯಂ ಆಯಿತು. ಲವೀನಾ ಕೋಳಿ ಸಾರು ಮಾಡಿದಳು.

“ಕೆಲ್ಸ ಉಳೀತಲ್ಲ ಮಾರಾಯ್ರೆ, ಮತ್ತೆಂಥ ಆ ಮುಖ?”

ಈಗ ಸ್ವಿಚ್ ಒತ್ತುವಾಗ ಎರಡೂ ಕೈಗಳನ್ನು ನಿಯಮದಲ್ಲೇ ಇಟ್ಟುಕೊಳ್ಳುತ್ತೇನೆ. ದೀಪಗಳು ಹಸಿರಾಗುತ್ತವೆ, ಒಂದೂ ಕೈಕೊಟ್ಟಿಲ್ಲ. ಶಿಲುಬೆ ಇಲ್ಲದೆಯೂ ಎಲ್ಲ ಸರಿಯಾಗಿಯೇ ನಡೆಯುತ್ತಿದೆ. ಬೇಜಾರು ಅದಕ್ಕೇ.