ಸಂದರ್ಶನದ ಅಂಗಿ

ರಾಯಚೂರಿನ ನಮ್ಮ ಹಾಸ್ಟೆಲಿನಲ್ಲಿ ಒಂದು ಅಂಗಿ ಇತ್ತು. ಮೊದಲು ಯಾರದಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಒಂದು ಕಾಲಕ್ಕೆ ಬಿಳಿಯದಾಗಿದ್ದಿರಬೇಕು. ಎಡ ಹೆಗಲಿಗೆ ನೀಲಿ ತೇಪೆ, ಕಾಲರು ಹರಿದು ನೂಲು ನೂಲು. ವರ್ಷವಿಡೀ ಹಿರಿಯ ವಿದ್ಯಾರ್ಥಿಯೊಬ್ಬನ ಟ್ರಂಕಿನಲ್ಲಿ ಮಲಗಿರುತ್ತಿದ್ದ ಅದು ಜುಲೈ ಬಂತೆಂದರೆ ಕೆಲಸಕ್ಕೆ ಹಾಜರಾಗುತ್ತಿತ್ತು.

ಊರಿನ ಧಾನ್ಯದ ಪೇಟೆಯಾದ ಗಂಜಿನ ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ಒಂದು ಟ್ರಸ್ಟು ಬಡ ವಿದ್ಯಾರ್ಥಿಗಳಿಗೆ, ಅದರಲ್ಲೂ ಊರು ಕಳೆದುಕೊಂಡವರ ಮಕ್ಕಳಿಗೆ, ಕಾಲೇಜು ಓದಲು ಸಹಾಯಧನ ಕೊಡುತ್ತಿತ್ತು. ಕೊಡುವ ಮುಂಚೆ ಬಡವನನ್ನು ಕಣ್ಣಾರೆ ನೋಡಬೇಕೆಂಬುದು ಅವರ ಹಟ. ದೊಡ್ಡವರು ಅಷ್ಟು ಆಸೆಪಟ್ಟು ಕುಳಿತಿರುವಾಗ ಬಡವ ಬಡವನಂತೆ ಕಾಣದಿದ್ದರೆ ಹೇಗೆ? ಭಾನುವಾರಕ್ಕೊಬ್ಬರಂತೆ ಕರೆಯುತ್ತಿದ್ದರು. ನಮ್ಮ ಹಾಸ್ಟೆಲಿನಿಂದ ಯಾರೇ ಹೋಗಲಿ, ಆ ಅಂಗಿ ತೊಟ್ಟು ಹೋಗಬೇಕು. ಒಗೆಯಬಾರದು. ಹಣ ಮಂಜೂರಾದರೆ ಕೋಣೆಯವರಿಗೆಲ್ಲ ಮಂಡಾಳು-ಮಿರ್ಚಿ ತಿನ್ನಿಸಬೇಕು. ನಮ್ಮಲ್ಲಿ ಇಷ್ಟು ನಿಷ್ಠೆಯಿಂದ ಪಾಲಿಸಿದ ಬೇರೆ ನಿಯಮ ಇರಲಿಲ್ಲ.

ನಾನು ದೇವದುರ್ಗ ತಾಲ್ಲೂಕಿನ ಹೊಳೆದಂಡೆಯವನು. ಊರೊಳಗೆ ಹೊಳೆ ಬರುವುದು ಹೆಚ್ಚಾಯಿತೆಂದು ಸರ್ಕಾರ ಊರನ್ನೇ ಎಬ್ಬಿಸಿ ಕಲ್ಲುದಿಬ್ಬದ ಮೇಲೆ ಇಟ್ಟಿತು. ಈಗ ಹೊಳೆ ಬರುವುದಿಲ್ಲ, ಕುಡಿಯುವ ನೀರೂ ಬರುವುದಿಲ್ಲ. ಶಾಲೆಗೆಂದು ಅಡಿಗಲ್ಲು ಹಾಕಿದರು. ಅದರ ಮೇಲೆ ಕುಳಿತು ಎಷ್ಟೆಂದು ಓದುವುದು? ನನ್ನನ್ನು ಮಾನ್ವಿಯ ಚಿಕ್ಕಮ್ಮನ ಮನೆಗೆ ಕಳಿಸಿದರು. ಅಲ್ಲಿಯ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಯ ಹುಚ್ಚು ಹತ್ತಿತು. ಬೆಳಿಗ್ಗೆ ಒಂದು ವಿಷಯದ ಪರ, ಮಧ್ಯಾಹ್ನ ಅದರದೇ ವಿರೋಧ, ಎರಡಕ್ಕೂ ಬಹುಮಾನ. ರಾಯಚೂರಿಗೆ ಬಂದು ಪಿಯುಸಿ ಹೇಗೋ ಮುಗಿಸಿದೆ. ಬಿ.ಎ.ಗೆ ಈ ಸಹಾಯಧನ ಸಿಗದಿದ್ದರೆ ಕವಿತಾಳದ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವುದೆಂದು ತೀರ್ಮಾನವಾಗಿತ್ತು. "ಮಾತು ಚಲೋ ಆಡ್ತಾನ, ಗಿರಾಕಿ ಬರ್ತಾವ," ಎಂದು ಮಾವ ನನ್ನ ವಿದ್ಯೆಗೆ ಬೆಲೆ ಕಟ್ಟಿಯೂ ಆಗಿತ್ತು.

ತೊಂದರೆಯೆಂದರೆ, ಅವ್ವ ಸಂದರ್ಶನಕ್ಕೆಂದೇ ಹೊಸ ಟೆರಿಕಾಟ್ ಅಂಗಿ ಹೊಲಿಸಿ ಕಳಿಸಿದ್ದಳು. "ದೊಡ್ಡವರ ಮುಂದ ನಿಲ್ಲಾವ, ನೆಟ್ಟಗ ಕಾಣ್ಬೇಕಪಾ," ಎಂದಿದ್ದಳು. ಅದನ್ನು ತೊಟ್ಟು ಹೊರಟವನನ್ನು ಟ್ರಂಕಿನ ಯಜಮಾನ ಬಾಗಿಲಲ್ಲೇ ತಡೆದ.

"ಲೇ, ಟೆರಿಕಾಟ್ ಹಾಕ್ಕೊಂಡು ಹೋದ್ರ ಅವ್ರು ನಿನ್ನ ಕಡಿಂದನ ಚಂದಾ ಕೇಳ್ತಾರ."

"ಬಡತನಕ್ಕ ವೇಷ ಯಾಕ ಬೇಕು?"

"ಇದನ್ನ ಕವಿತಾಳದಾಗ ಬೆಲ್ಲ ತೂಗುವಾಗ ಚರ್ಚಿ ಮಾಡು."

ಅಂಗಿ ಬದಲಿಸಿದೆ.

ಗಂಜಿನಲ್ಲಿ ಟ್ರಸ್ಟಿನ ಕೋಣೆಯೊಳಗೆ ಮೂವರಿದ್ದರು. ನಡುವೆ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರರು. ಬಲಕ್ಕೆ ತೂಕಡಿಸುತ್ತಿದ್ದ ಎಣ್ಣೆಮಿಲ್ಲಿನ ಸಾಹುಕಾರರು. ಎಡಕ್ಕೆ ಬಟ್ಟೆ ಅಂಗಡಿಯ ವಯಸ್ಸಾದ ಸಾಬರು.

"ನಿಮ್ಮೂರು ಎಲ್ಲಿ ಅದ?" ಎಂದರು ಅಧ್ಯಕ್ಷರು.

"ಹಳೇದು ನೀರಾಗ ಅದರಿ. ಹೊಸಾದು ಇನ್ನೂ ಕಾಗದದಾಗ ಅದ."

ಸಾಬರು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರ ಕಣ್ಣು ನನ್ನ ಹೆಗಲ ಮೇಲಿತ್ತು. "ಇಲ್ಲಿ ಬಾ ಬೇಟಾ," ಎಂದು ಕರೆದು ತೇಪೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಈ ಅಂಗಿ ವರ್ಷಾ ಬರ್ತದ. ಹ್ವಾದ ವರ್ಷ ಇದರಾಗ ಒಬ್ಬ ಉದ್ದನ್ನಾವ ಇದ್ದ. ಅದರ ಹಿಂದಿನ ವರ್ಷ ಗಿಡ್ಡ. ಇಷ್ಟೊತ್ತಿಗಿ ಇದರದು ಬಿ.ಎ. ಮುಗಿದಿರಬೇಕಲ್ಲ?"

ಎಣ್ಣೆಮಿಲ್ಲಿನವರು ಎಚ್ಚರಾಗಿ ನಕ್ಕರು. ನನ್ನ ಕಣ್ಣ ಮುಂದೆ ಕವಿತಾಳದ ಬೆಲ್ಲಕ್ಕೆ ನೊಣ ಮುತ್ತಿತು. ಇನ್ನು ಕಳೆದುಕೊಳ್ಳಲು ಏನೂ ಉಳಿದಿಲ್ಲ ಎನ್ನಿಸಿದಾಗ ಚರ್ಚಾಪಟುವಿಗೆ ನಾಲಿಗೆ ಸಡಿಲಾಗುತ್ತದೆ.

"ನನ್ನ ಅಂಗಿ ಬ್ಯಾರೆ ಅದರಿ. ಹೊಸಾದು, ನಮ್ಮವ್ವ ಹೊಲಿಸ್ಯಾಳ. ಅದನ್ನ ಹಾಕ್ಕೊಂಡು ಬಂದಿದ್ರ ನಮ್ಮೂರು ಮುಳುಗಿದ್ದು ನೀವು ನಂಬ್ತಿದ್ರೇನ್ರಿ?"

"ಪ್ರಶ್ನೆ ಕೇಳೋರು ನಾವು," ಎಂದರು ಅಧ್ಯಕ್ಷರು.

"ಹೌದ್ರಿ. ಅಂಗಿ ನೋಡೋರೂ ನೀವ ಅದೀರಿ. ಮಾರ್ಕ್ಸ್ ನೋಡ್ತೀವಂದ್ರ ಮಾರ್ಕ್ಸ್ ತೋರಿಸ್ತಿದ್ವಿ. ಅಂಗಿ ನೋಡ್ತೀರಿ, ಅಂಗಿ ತೋರಿಸ್ತೀವಿ."

ಸಾಬರು ಗಡ್ಡ ಸವರಿಕೊಂಡರು. "ಅಂಗಡ್ಯಾಗ ನಾ ಹರದ ಬಟ್ಟಿ ಮಾರಂಗಿಲ್ಲ. ಇಲ್ಲಿ ಕುಂತು ಅದನ್ನ ಪಾಸ್ ಮಾಡಾಕತ್ತೀನಿ ನೋಡ್ರಿ," ಎಂದು ಅಧ್ಯಕ್ಷರಿಗೆ ಹೇಳಿ, ನನ್ನ ಕಡೆ ತಿರುಗಿದರು. "ಬಿಚ್ಚಿ ಇಲ್ಲೇ ಇಡು. ಇದರ ಓದು ಸಾಕು."

ಬಿಚ್ಚಿದೆ. ಒಳಗಿದ್ದದ್ದು ನನ್ನ ಸ್ವಂತ ಬನಿಯನ್. ಅದರಲ್ಲಿ ಬಟ್ಟೆಗಿಂತ ತೂತೇ ಜಾಸ್ತಿ, ಒಂದು ಕಡೆ ಪಕ್ಕೆಲುಬು ಹೊರಗೇ ಇತ್ತು. ಇಷ್ಟು ಅಪ್ಪಟ ಸಾಕ್ಷ್ಯವನ್ನು ಎರವಲು ಸಾಕ್ಷ್ಯದಿಂದ ಮುಚ್ಚಿಕೊಂಡು ನಿಂತಿದ್ದೆ! ಅಧ್ಯಕ್ಷರು ಕಿಟಕಿಯ ಕಡೆ ನೋಡಿದರು. ಎಣ್ಣೆಮಿಲ್ಲಿನವರು ಮತ್ತೆ ನಗಲಿಲ್ಲ. ಸಾಬರು ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟು, "ಕಾಲೇಜಿಗಿ ಹೋಗು ಬೇಟಾ, ಮಂಜೂರಾತು," ಎಂದರು.

ಗಂಜಿನಿಂದ ಬನಿಯನ್ನಿನಲ್ಲೇ ನಡೆದು ಬಂದು ನನ್ನ ವಾದದ ವಿಜಯವನ್ನು ಕೋಣೆಗೆಲ್ಲ ವರ್ಣಿಸಿದೆ. ಟ್ರಂಕಿನ ಯಜಮಾನ ಮಿರ್ಚಿ ಕಡಿಯುತ್ತ ಪೂರ್ತಿ ಕೇಳಿದ. "ನಿನ್ನ ವಾದ ಎಲ್ಲಿ ಗೆದ್ದದ ಲೇ? ಬನಿಯನ್ ಗೆದ್ದದ," ಎಂದ.

ಇದನ್ನು ನಾನು ಇಂದಿಗೂ ಒಪ್ಪಿಲ್ಲ. ನಾನೀಗ ಬಿ.ಎ. ಕೊನೆಯ ವರ್ಷ. ಅವ್ವನ ಟೆರಿಕಾಟ್ ತೊಟ್ಟು ಚರ್ಚಾಸ್ಪರ್ಧೆಗಳಿಗೆ ಹೋಗುತ್ತೇನೆ. ಬನಿಯನ್ ಮಾತ್ರ ನನ್ನ ಬಳಿ ಇಲ್ಲ. ಕೊಡುವುದಿಲ್ಲವೆಂದು ಕೋಣೆಯವರೊಂದಿಗೆ ಒಂದು ಸಂಜೆಯಿಡೀ ವಾದಿಸಿ ಸೋತೆ. ಜುಲೈ ಬರಲೆಂದು ಅದು ಟ್ರಂಕಿನಲ್ಲಿ ಕಾಯುತ್ತಿದೆ.