ಫ್ಲೈಓವರ್ ಉಳಿಸಿದ ಸಮಯ

ಉಗಿಯಂತ್ರ, ಡಾಂಬರು ರಸ್ತೆ ಬಂದು ಮನುಷ್ಯರನ್ನು ಹತ್ತಿರ ತಂದವು ಎನ್ನುತ್ತದೆ ಪಠ್ಯಪುಸ್ತಕ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಇದನ್ನೇ ವಾದಿಸಿ ಕಪ್ ಗೆದ್ದವಳು ನಾನು. ರೈಲೇ ಇಲ್ಲದ ಬಹ್ರೇನಿನಲ್ಲಿ ನಿಂತು ಉಗಿಬಂಡಿಯನ್ನು ಹೊಗಳಿದೆ, ಇರಲಿ. ಈಗ ನನ್ನ ತಕರಾರು ಬೇರೆ: ಇವುಗಳಿಂದ ಉಳಿದ ಸಮಯ ಯಾರ ಪಾಲಾಯಿತು?

ನನ್ನ ಅಪ್ಪ, ನಮ್ಮ ಮಾತಿನಲ್ಲಿ ಅಬ್ಬ, ಇಲ್ಲಿ ಒಂದು ಕಂಪನಿಯ ವ್ಯಾನ್ ಓಡಿಸುತ್ತಿದ್ದರು. ಬೆಳಿಗ್ಗೆ ಅದರಲ್ಲೇ ಅರಾದ್ ಎಂಬಲ್ಲಿದ್ದ ನಮ್ಮ ಮನೆಯಿಂದ ನನ್ನನ್ನು ಶಾಲೆಗೆ ಬಿಡುತ್ತಿದ್ದರು. ವ್ಯಾನ್ ಓಡುವಾಗ ಅವರದು ಒಂದು ಮಾತಿಲ್ಲ. ಕೆಂಪು ದೀಪ ಬಿದ್ದರೆ ಮಾತ್ರ ಅಜ್ಜನ ಕಥೆ. ಅಜ್ಜ ಉಗಿಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಿದ್ದವರು. ಒಂದು ಸಿಗ್ನಲಿನಲ್ಲಿ ಅಜ್ಜ ಬೊಂಬಾಯಿಯಲ್ಲಿ ಹಡಗು ಹತ್ತಿದರು; ಇನ್ನೊಂದರಲ್ಲಿ ಕೈ ಸುಟ್ಟುಕೊಂಡರು. ಕೊನೆಗೊಂದು ದಿನ ಹಡಗು ಇಲ್ಲಿನ ಮನಾಮ ಬಂದರಿನ ಹೊರಗೆ ಲಂಗರು ಹಾಕಿತು. ಅಜ್ಜ ಮದ್ದಿಗೆಂದು ದೋಣಿಯಲ್ಲಿ ದಡಕ್ಕೆ ಬಂದರು. ಹಡಗು ಕೂಗಿತು. ಅಜ್ಜ ನಿಂತಲ್ಲೇ ನಿಂತರು.

“ಆಮೇಲೆ?”

“ಹಸಿರು ಬಿತ್ತು ಮಾರಾಯ್ತಿ. ನಾಳೆ ಹೇಳ್ತೇನೆ.”

ಮರುದಿನ ಫ್ಲೈಓವರ್ ತೆರೆಯಿತು. ನಮ್ಮ ಸಿಗ್ನಲುಗಳೆಲ್ಲ ಅದರ ಕೆಳಗುಳಿದವು.

ಸಮಯ ಉಳಿದದ್ದು ನಮಗಿಂತ ಮೊದಲು ಕಂಪನಿಗೆ ಗೊತ್ತಾಯಿತು. ಅಬ್ಬನಿಗೆ ಬೆಳಿಗ್ಗೆಯೇ ದೂರದ ಅವಾಲಿ ಪಟ್ಟಣದ ಇನ್ನೊಂದು ಟ್ರಿಪ್ ಹಾಕಿದರು. ಶಾಲೆಯ ಗೇಟು ತೆರೆಯುವ ಮೊದಲೇ ಅಬ್ಬ ನನ್ನನ್ನು ಇಳಿಸಿ ಹೋಗುತ್ತಿದ್ದರು. ಹೊರಗಿನ ಬೆಂಚಿನಲ್ಲಿ ಒಬ್ಬಳೇ ಕೂತು ಕಥೆಯನ್ನು ನಾನೇ ಮುಂದುವರಿಸುತ್ತಿದ್ದೆ. ಅಜ್ಜ ಬೇಕೆಂದೇ ಉಳಿದರು. ಅಲ್ಲ, ಹಡಗಿನವರೇ ಬಿಟ್ಟುಹೋದರು. ಪರವೂ ನಾನೇ, ವಿರೋಧವೂ ನಾನೇ. ತೀರ್ಪುಗಾರರಿಲ್ಲ.

ಸಂಜೆ ಮನೆಯಲ್ಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದೆ. ಅಬ್ಬ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದರು. ಕೆಲವು ದಿನ ಬಿಟ್ಟು ನಾನೂ ಕೇಳುವುದನ್ನು ನಿಲ್ಲಿಸಿದೆ. ಆ ತಪ್ಪನ್ನು ಕಂಪನಿಯ ತಲೆಗೆ ಕಟ್ಟಲಾರೆ.

ಅದೆಲ್ಲ ಆಗಿ ವರ್ಷಗಳೇ ಕಳೆದವು; ಮುಂದಿನ ವಾರ ಅಬ್ಬನ ವೀಸಾ ಮುಗಿಯುತ್ತದೆ. ಅವರು ಊರಿಗೆ, ನಾನು ಇಲ್ಲೇ ಕೆಲಸಕ್ಕೆ. ಮೊನ್ನೆ ಶುಕ್ರವಾರ ನನ್ನ ಕಾರಿನಲ್ಲಿ ಇಬ್ಬರೇ ಹೊರಟೆವು. ನಾನು ಫ್ಲೈಓವರ್ ಬಿಟ್ಟು ಕೆಳಗಿನ ಹಳೆಯ ರಸ್ತೆಗೆ ತಿರುಗಿಸಿದೆ.

“ಮೇಲಿಂದ ಹೋದ್ರೆ ಬೇಗ ಅಲ್ವಾ?”

“ಬೇಗ ಹೋಗಿ ಎಂತ ಮಾಡ್ಲಿಕ್ಕುಂಟು?”

“ನಿನ್ನ ಹತ್ರ ವಾದ ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ,” ಎಂದು ನಕ್ಕರು.

ಮೊದಲ ಸಿಗ್ನಲ್ ಹಸಿರಿತ್ತು. ಎರಡನೆಯದೂ ಹಸಿರು. ಮೂರನೆಯದರಲ್ಲಿ ಕೆಂಪು ಬಿತ್ತು.

“ಅಬ್ಬಾ, ಹಡಗು ಕೂಗಿದಾಗ ಅಜ್ಜ ಯಾಕೆ ಹತ್ತಲಿಲ್ಲ?”